ಹತ್ತನೇ ತಾರೀಖಿನ ಕ್ಯೂ

ಪ್ರತಿ ತಿಂಗಳ 10ನೇ ತಾರೀಖು ನಮ್ಮ ಶಾಖೆಯ ಮೆಟ್ಟಿಲವರೆಗೂ ಕ್ಯೂ ಇರುತ್ತಿತ್ತು. ಹಣ ತೆಗೆಯುವವರದಲ್ಲ, ಕಟ್ಟುವವರದು. ಮೇಷ್ಟ್ರುಗಳು, ಬೀಡಿ ಗುತ್ತಿಗೆದಾರರು, ಬಸ್ ಸ್ಟ್ಯಾಂಡಿನ ಹೋಟೆಲಿನವರು, ಹೀಗೆ ಒಳಗುಟ್ಟು ಗೊತ್ತಿದ್ದವರೆಲ್ಲ ಅಂದು ಕೌಂಟರ್ ಮುಚ್ಚುವುದರೊಳಗೆ ಕೈಯಲ್ಲಿದ್ದ ಕಾಸನ್ನು ಉಳಿತಾಯ ಖಾತೆಗೆ ಹಾಕಿಬಿಡುತ್ತಿದ್ದರು. 10ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತ ಯಾವುದೋ ಅದಕ್ಕಷ್ಟೇ ಬಡ್ಡಿ. 11ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳು ಬಿಡಿಗಾಸಿಲ್ಲ. 29ಕ್ಕೆ ಒಂದೇ ದಿನದ ಮಟ್ಟಿಗೆ ಎಲ್ಲ ತೆಗೆದು 30ಕ್ಕೆ ವಾಪಸು ಕಟ್ಟಿದರೂ ತಿಂಗಳ ಬಡ್ಡಿ ಹೋದಂತೆಯೇ.

ನಾನು ಕರಾವಳಿಯ ಆ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ್ದು 1982ರಲ್ಲಿ. ಲೆಡ್ಜರು ಎತ್ತಲು ಎರಡು ಕೈ ಬೇಕಿತ್ತು. ಹಾಳೆ ಕಿತ್ತುಕೊಳ್ಳದಂತೆ ಅದಕ್ಕೊಂದು ಬೀಗ, ಬೀಗದ ಕೈ ಅಕೌಂಟೆಂಟರ ಡ್ರಾಯರಿನಲ್ಲಿ. ಒಂದೊಂದು ಖಾತೆಗೆ ಒಂದೊಂದು ಹಾಳೆ. ಬಡ್ಡಿ ಹಾಕುವ ಕಾಲ ಬಂತೆಂದರೆ ಪ್ರತಿ ಹಾಳೆಯಲ್ಲೂ ತಿಂಗಳು ತಿಂಗಳ ಕನಿಷ್ಠ ಬಾಕಿಯನ್ನು ಬೆರಳಿನಿಂದ ಹುಡುಕಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಬಡ್ಡಿಯ ಕೋಷ್ಟಕ ನೋಡಿ ಬರೆಯಬೇಕು. ದಿನ ದಿನದ ಬಾಕಿಗೆ ಬಡ್ಡಿ ಲೆಕ್ಕ ಹಾಕಿ ಎಂದಿದ್ದರೆ ನಾವು ಇಂದಿಗೂ ಅಲ್ಲೇ ಕೂತಿರುತ್ತಿದ್ದೆವು. ಕೈಗೆ ಆಗುವಷ್ಟೇ ಲೆಕ್ಕ ಇರಲಿ ಅಂತಲೇ ಆ ನಿಯಮ.

ಆ ಕಾಲವನ್ನು ಹೊಗಳುವ ಚಪಲ ನನಗಿಲ್ಲ. ಬ್ಯಾಲೆನ್ಸಿಂಗ್ ರಾತ್ರಿಗಳಲ್ಲಿ 9 ರೂಪಾಯಿಯ ವ್ಯತ್ಯಾಸಕ್ಕೆ ನಾಲ್ಕು ಜನ ಮನೆಗೆ ಹೋಗದೆ ಕೂತದ್ದುಂಟು. ಒಂದು ಮಾತು ಮಾತ್ರ ನಿಜ: ಬ್ಯಾಂಕು ಏನು ಮಾಡಬೇಕೆಂದಿದೆಯೋ ಅದೂ, ಅದನ್ನು ಮಾಡುವ ಸಾಧನವೂ ಆಗ ಬೇರೆ ಬೇರೆ ಇರಲಿಲ್ಲ. ಮ್ಯಾನೇಜರು ಸಾಲ ಕೊಡುವ ಮುಂಚೆ ಲೆಡ್ಜರು ತರಿಸಿ ಆ ಗಿರಾಕಿಯ ಹಾಳೆಯನ್ನು ನೋಡುತ್ತಿದ್ದರು. ಹಣ ಯಾವಾಗ ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ, ಎಲ್ಲ ಅಲ್ಲೇ ಇತ್ತು.

ಯಂತ್ರ ಬರುವ ಸುದ್ದಿ ಬಹಳ ಮೊದಲೇ ಬಂದಿತ್ತು. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಒಕ್ಕೂಟಗಳಿಗೂ ಒಪ್ಪಂದವಾಯಿತು, 1984ರಲ್ಲಿ ಸಿ. ರಂಗರಾಜನ್ ಸಮಿತಿ ವರದಿ ಕೊಟ್ಟಿತು. ಗೇಟ್ ಮೀಟಿಂಗುಗಳಲ್ಲಿ ನಾವೂ ಘೋಷಣೆ ಕೂಗಿದ್ದೆವು. ಕಡೆಗೂ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದಾಗ ಅದಕ್ಕೊಂದು ಗಾಜಿನ ಕೋಣೆ, ಏಸಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಸೆಕೆಯಲ್ಲಿ ಬೆವರುತ್ತಿದ್ದ ನಮಗೆ ಅದು ಗರ್ಭಗುಡಿಯ ಹಾಗೆ ಕಾಣುತ್ತಿತ್ತು.

ಒಳಗೆ ನಡೆಯುತ್ತಿದ್ದದ್ದಾದರೂ ಏನು? ಹಳೆಯ ಲೆಡ್ಜರೇ. ಉಳಿತಾಯಕ್ಕೊಂದು ಯಂತ್ರ, ಚಾಲ್ತಿ ಖಾತೆಗೊಂದು ಯಂತ್ರ. ಸಂಜೆ ಪ್ರಿಂಟ್ ತೆಗೆದು ಹೊಲಿದು ಬೀರುವಿನಲ್ಲಿಡುವುದು. 1990ರ ಹೊತ್ತಿಗೆ ಮುಖ್ಯ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ನನ್ನನ್ನು ಹಾಕಿದ್ದರು. ಉಳಿತಾಯ ಖಾತೆಯ ಪ್ರೋಗ್ರಾಮಿಗೆ ಬಡ್ಡಿಯ ನಿಯಮ ಬರೆದುಕೊಟ್ಟವನು ನಾನೇ: 10ರಿಂದ ತಿಂಗಳ ಕೊನೆ, ಕನಿಷ್ಠ ಬಾಕಿ. ದಿನ ದಿನದ ಲೆಕ್ಕ ಆ ಯಂತ್ರಕ್ಕೆ ಕಷ್ಟವೇ ಇರಲಿಲ್ಲ. ಹಾಗೊಂದು ಯೋಚನೆ ನನಗೂ ಹೊಳೆಯಲಿಲ್ಲ, ಪ್ರೋಗ್ರಾಂ ಬರೆದವನಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ನಿಯಮ ರಿಸರ್ವ್ ಬ್ಯಾಂಕಿನದು. ಬೆರಳಿನ ಆಯಾಸಕ್ಕೆ ಹುಟ್ಟಿದ್ದು ಬೆರಳೇ ಇಲ್ಲದ ಕಡೆ ನಿಶ್ಚಿಂತೆಯಾಗಿ ಹೋಗಿ ಕೂತಿತು.

ಆಮೇಲೆ ಎಲ್ಲರಿಗೂ ಆತುರ. ವ್ಯವಹಾರದ 70 ಪ್ರತಿಶತವನ್ನು 2001ರ ಜನವರಿ 1ರೊಳಗೆ ಕಂಪ್ಯೂಟರಿಗೆ ತರಬೇಕೆಂದು ಕೇಂದ್ರ ಜಾಗೃತ ಆಯುಕ್ತ ಎನ್. ವಿಠ್ಠಲ್ ಸರ್ಕಾರಿ ಬ್ಯಾಂಕುಗಳಿಗೆ ಗಡುವು ಕೊಟ್ಟರು. ಎರಡು ಸಾವಿರನೇ ಇಸವಿಯ ತಾರೀಖಿನ ಭಯ ಬೇರೆ. ಒಂದೊಂದು ವಿಭಾಗವೂ ತನಗೆ ಬೇಕಾದ ತಂತ್ರಾಂಶವನ್ನು ತಾನೇ ಕೊಂಡಿತು. ಸಾಲದವರದು ಒಂದು, ವಿದೇಶಿ ವಿನಿಮಯದವರದು ಇನ್ನೊಂದು, ಪಿಂಚಣಿಯವರದು ಮತ್ತೊಂದು. ಒಂದಕ್ಕೊಂದು ಮಾತಿಲ್ಲ ಕಥೆಯಿಲ್ಲ. ಹೊಸದಾಗಿ ಬಂದ ಅಧ್ಯಕ್ಷರು ಒಂದು ದಿನ ಕೇಳಿದರು: "ನಮ್ಮ ಬ್ಯಾಂಕಿಗೆ ಗಿರಾಕಿಗಳು ಎಷ್ಟು ಜನ?" ಖಾತೆಗಳ ಸಂಖ್ಯೆಯನ್ನು ಆ ಕ್ಷಣವೇ ಹೇಳಿದೆವು. ಅವರಿಗೆ ಬೇಕಿದ್ದದ್ದು ಜನರ ಸಂಖ್ಯೆ. ಮೂರು ವಾರ ಒದ್ದಾಡಿ ಎರಡು ವಿಭಾಗದವರು ಎರಡು ಉತ್ತರ ಕೊಟ್ಟರು. ಇಬ್ಬರದೂ ತಪ್ಪು.

ಕೋರ್ ಬ್ಯಾಂಕಿಂಗ್ ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆವು. ಶನಿವಾರ ರಾತ್ರಿ ಶಾಖೆಯ ದತ್ತಾಂಶ ಸಾಗಿಸುವುದು, ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಉಸಿರು ಬಿಗಿಹಿಡಿಯುವುದು, ಹೀಗೆ ಮೂರು ವರ್ಷ ಕಳೆಯಿತು. ಹಳೆಯ ಕಸವೆಲ್ಲ ಹೊಸ ಮನೆಗೂ ಬಂತು. ಒಬ್ಬಳೇ ಲಕ್ಷ್ಮಿ ಮೂರು ಸ್ಪೆಲ್ಲಿಂಗಿನಲ್ಲಿ ಮೂರು ಗಿರಾಕಿಯಾದಳು. ಹೆಸರಿನ ಹಿಂದಿನ ಇನಿಶಿಯಲ್ ಊರಿನದೋ ಅಪ್ಪನದೋ ಎಂದು ತಂತ್ರಾಂಶಕ್ಕೆ ಹೇಗೆ ತಿಳಿಯಬೇಕು?

2007ರಲ್ಲಿ ಸಲಹೆಗಾರರು ಬಂದರು. 'ಎಂಟರ್‌ಪ್ರೈಸ್ ಆರ್ಕಿಟೆಕ್ಚರ್' ಎಂಬ ಮಾತು ನಾನು ಕೇಳಿದ್ದು ಆಗಲೇ. ನನ್ನನ್ನು ಆ ತಂಡಕ್ಕೆ ಸೇರಿಸಿದ ಸುದ್ದಿ ಹಬ್ಬಿ, ಹಳೆಯ ಸಹೋದ್ಯೋಗಿ ಕ್ಯಾಶಿಯರೊಬ್ಬರು ತಮ್ಮ ಮನೆಯ ನಕ್ಷೆ ಹಿಡಿದು ಅಡುಗೆಕೋಣೆ ಆಗ್ನೇಯಕ್ಕೆ ಬಂದಿದೆಯೇ ನೋಡಿ ಎಂದು ಕೇಳಿದರು. ಅವರದು ಪೂರ್ತಿ ತಪ್ಪೇನಲ್ಲ. ಐಬಿಎಂನ ಜಾನ್ ಝಾಕ್‌ಮನ್ 1987ರಲ್ಲಿ ಈ ವಿಚಾರ ಬರೆದಾಗ ಆತನೂ ಮನೆ ಕಟ್ಟುವುದನ್ನೇ ಹೋಲಿಕೆಗೆ ತೆಗೆದುಕೊಂಡಿದ್ದ. ಮನೆಯ ಯಜಮಾನನ ನಕ್ಷೆ ಬೇರೆ, ಮೇಸ್ತ್ರಿಯ ನಕ್ಷೆ ಬೇರೆ, ಎರಡೂ ಒಂದೇ ಮನೆಯದಾಗಿರಬೇಕು. ಆತ ಹಾಕಿದ ಕೋಷ್ಟಕದಲ್ಲಿ ಮೊದಲಿಗೆ ಇದ್ದದ್ದು ಏನು, ಹೇಗೆ, ಎಲ್ಲಿ ಎಂಬ ಮೂರು ಅಂಕಣ. ಯಾರು, ಯಾವಾಗ, ಏಕೆ ಎಂಬ ಇನ್ನು ಮೂರು ಸೇರಿದ್ದು 1992ರಲ್ಲಿ, ಜಾನ್ ಸೋವಾ ಜೊತೆಗೂಡಿ ಬರೆದ ಲೇಖನದಲ್ಲಿ. ಹುಟ್ಟುಹಾಕಿದವನಿಗೇ 'ಏಕೆ' ಅಂಕಣಕ್ಕೆ 5 ವರ್ಷ ಹಿಡಿಯಿತಲ್ಲ ಎಂದು ನನಗೆ ಸಮಾಧಾನವಾಯಿತು.

ಸಭಾಕೋಣೆಯ ಗೋಡೆಗೆ ಉದ್ದದ ಹಾಳೆ ಅಂಟಿಸಿದರು. ಮೇಲುಗಡೆ ಬ್ಯಾಂಕಿನ ಗುರಿಗಳು, ನಡುವೆ ಬ್ಯಾಂಕು ಮಾಡುವ ಕೆಲಸಗಳು, ಕೆಳಗೆ ತಂತ್ರಾಂಶಗಳು. ಇಟ್ಟುಕೊಳ್ಳುವುದಕ್ಕೆ ಹಸಿರು ಚೀಟಿ, ರಿಪೇರಿಗೆ ಹಳದಿ, ಕಿತ್ತುಹಾಕುವುದಕ್ಕೆ ಕೆಂಪು. ಪಿಗ್ಮಿ ಎಂಬ ಚೌಕಕ್ಕೆ ಬಿತ್ತು ಕೆಂಪು ಚೀಟಿ. ದಿನಕ್ಕೆ 20 ರೂಪಾಯಿ, 50 ರೂಪಾಯಿ, ಏಜೆಂಟರ ಕಮಿಷನ್ನು, ಸಂಜೆಗೆ ನೂರಾರು ಎಂಟ್ರಿ. ಸಲಹೆಗಾರನ ಲೆಕ್ಕದಲ್ಲಿ ಅದು ನಷ್ಟದ ಬಾಬತ್ತು. ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆಯಲ್ಲಿ ಶುರುವಾದದ್ದು, ಕರಾವಳಿಯ ಬ್ಯಾಂಕುಗಳು ಬೆಳೆದದ್ದು ಇಂಥ ಚಿಲ್ಲರೆಯಿಂದಲೇ ಎಂದೆಲ್ಲ ನಾನು ಹೇಳಿದೆ. ಆ ಹುಡುಗ ಮರ್ಯಾದೆಯಿಂದ ಕೇಳಿಸಿಕೊಂಡ. ಚೀಟಿ ಅಲ್ಲೇ ಇತ್ತು.

ಮಾರನೆಯ ವಾರ ಅವನನ್ನು ಪಿಗ್ಮಿ ಏಜೆಂಟರೊಬ್ಬರ ಜೊತೆ ಮೀನು ಮಾರುಕಟ್ಟೆಗೆ ಕಳಿಸಿದೆ, ನಾನೂ ಹೋದೆ. ಏಜೆಂಟರ ಕೈಯಲ್ಲಿ ರಸೀದಿ ಮುದ್ರಿಸುವ ಪುಟ್ಟ ಯಂತ್ರವಿತ್ತು, ಅದು ಬ್ಯಾಂಕಿನದು. ಅಂಗಿಯ ಜೇಬಿನಲ್ಲಿ ಎಣ್ಣೆ ಹಿಡಿದ ಒಂದು ನೋಟ್‌ಬುಕ್ಕಿತ್ತು, ಅದು ಅವರದು. ಒಬ್ಬ ಮೀನಿನ ಹೆಂಗಸಿನ ಹೆಸರಿನ ಮುಂದೆ ಜೂನ್, ಜುಲೈ ಪೂರ್ತಿ ಸೊನ್ನೆ. "ಈಕೆ ಕಟ್ಟಿಲ್ಲವಲ್ಲ?" ಎಂದ ಸಲಹೆಗಾರ. "ಮಳೆಗಾಲದಲ್ಲಿ ಬೋಟು ಕಡಲಿಗಿಳಿಯುವುದಿಲ್ಲ ಮಾರಾಯ್ರೆ, ಮೀನೇ ಇಲ್ಲ, ಕಟ್ಟುವುದೆಲ್ಲಿಂದ?" ಎಂದರು ಏಜೆಂಟರು. ಯಾರಿಗೆ ಈ ವರ್ಷ ಐಸ್ ಪೆಟ್ಟಿಗೆ ಬೇಕಾಗುತ್ತದೆ, ಯಾರ ಮಗನಿಗೆ ಗೂಡಂಗಡಿ ಹಾಕುವ ಆಸೆ, ಎಲ್ಲ ಆ ನೋಟ್‌ಬುಕ್ಕಿನಲ್ಲಿತ್ತು. ವಾಪಸು ಬಂದು ಹಾಳೆಯ ಮೇಲುಗಡೆ ನೋಡಿದರೆ ಬ್ಯಾಂಕಿನ ಎರಡನೇ ಗುರಿ: ಸಣ್ಣ ವ್ಯಾಪಾರಿಗಳಿಗೆ ಸಾಲ ಹೆಚ್ಚಿಸುವುದು. ಆ ಗುರಿಗೂ ಕೆಳಗಿನ ಕೆಂಪು ಚೀಟಿಗೂ ನಡುವೆ ಮೂರಡಿ ಅಂತರ. ತಿಂಗಳಿಡೀ ಅದರ ಎದುರು ಕೂತು ಚಹಾ ಕುಡಿದ ನಮಗೆ ಯಾರಿಗೂ ಕಂಡಿರಲಿಲ್ಲ.

ಕೆಂಪು ಹೋಗಿ ಹಳದಿ ಬಂತು. ಸಾಲದ ಅಧಿಕಾರಿಯ ಪರದೆಯ ಮೇಲೆ ಆ ಗಿರಾಕಿಯ ವರ್ಷದ ಪಿಗ್ಮಿ ಕಾಣಿಸುವ ಹಾಗೆ ಮಾಡಲು ಎರಡು ವರ್ಷ ಹಿಡಿಯಿತು. ಗೆದ್ದೆವು ಎನ್ನಲಾರೆ. ಅರ್ಧದಷ್ಟು ಅಧಿಕಾರಿಗಳು ಆ ಪುಟ ತೆರೆಯುತ್ತಲೇ ಇರಲಿಲ್ಲ. ಲೆಡ್ಜರಾಗಿದ್ದರೆ ಹಾಳೆ ತಿರುಗಿಸಿದ ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಸಲಹೆಗಾರರ ದಪ್ಪ ಪುಸ್ತಕಗಳಲ್ಲಿ ಇದಕ್ಕೆ ಔಷಧ ಇರಲಿಲ್ಲ.

ಉಳಿತಾಯ ಖಾತೆಯ ನಿಯಮಗಳನ್ನು ಹಾಳೆಗೆ ಏರಿಸುವಾಗ ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗಿ ಕೇಳಿದಳು: "ಸರ್, 10ನೇ ತಾರೀಖೇ ಏಕೆ?" ರಿಸರ್ವ್ ಬ್ಯಾಂಕಿನ ನಿಯಮ ಎಂದೆ. "ಅವರು ಹಾಗೆ ಮಾಡಿದ್ದು ಏಕೆ?" ಬೆರಳು, ಪೆನ್ಸಿಲ್ಲು, ಬೀಗ ಹಾಕಿದ ಲೆಡ್ಜರಿನ ಕಥೆ ಹೇಳಿದೆ. 'ಏಕೆ' ಅಂಕಣದಲ್ಲಿ ಅವಳು 'ಕೈಬರಹ' ಎಂದಷ್ಟೇ ಬರೆದಳು. ಆ ನಿಯಮ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ ಐದು ತಂತ್ರಾಂಶಗಳ ಮೇಲೆ ಗುರುತನ್ನೂ ಹಾಕಿದಳು.

2009ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿತು: ಬ್ಯಾಂಕುಗಳು ಈಗ ಸಾಕಷ್ಟು ಕಂಪ್ಯೂಟರೀಕರಣಗೊಂಡಿವೆ, ಬರುವ ವರ್ಷದ ಏಪ್ರಿಲ್ 1ರಿಂದ ಉಳಿತಾಯ ಖಾತೆಗೆ ದಿನ ದಿನದ ಬಾಕಿಯ ಮೇಲೆ ಬಡ್ಡಿ. ಹಿಂದೆ ಇಂಥ ಸುತ್ತೋಲೆ ಬಂದಾಗ ತಿಂಗಳುಗಟ್ಟಲೆ ಗಲಾಟೆ ಇರುತ್ತಿತ್ತು. ಈ ಸಲ ಆ ಹುಡುಗಿ ಗೋಡೆಯ ಹತ್ತಿರ ಹೋಗಿ ಐದು ಗುರುತುಗಳನ್ನು ತೋರಿಸಿದಳು. ಕೆಲಸ ಗಡುವಿಗೆ ಮುಂಚೆಯೇ ಮುಗಿಯಿತು.

ಆರನೆಯ ಕಡೆ ಸಿಕ್ಕಿದ್ದು 2010ರ ಮಾರ್ಚ್ ಕೊನೆಗೆ, ನಾನು ಮೊದಲು ಕೆಲಸಕ್ಕೆ ಸೇರಿದ್ದ ಶಾಖೆಯಿಂದ ಫೋನ್ ಬಂದಾಗ. ಪಾಸ್‌ಬುಕ್ಕಿನ ಕೊನೆಯ ಪುಟದ ನಿಯಮಾವಳಿಯಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, 10ನೇ ತಾರೀಖು ಅಚ್ಚಾಗಿ ಕೂತಿತ್ತು. ಸ್ಟೇಷನರಿ ಕೋಣೆಯಲ್ಲಿ ಹೊಸ ಪಾಸ್‌ಬುಕ್ಕುಗಳ ಕಟ್ಟು ಸೂರಿನವರೆಗೆ. ಆ ಶನಿವಾರ ನಾನೂ ಹೋದೆ. ಲೆಡ್ಜರುಗಳನ್ನು ಇಡುತ್ತಿದ್ದ ಹಳೆಯ ಮೇಜಿನ ಸುತ್ತ ನಾಲ್ಕು ಜನ ಕೂತು, ಸ್ಕೇಲು ಇಟ್ಟು, ಒಂದೊಂದೇ ಪುಸ್ತಕದಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆವು.