ಉಗುರುಬೆಚ್ಚಗಿನ ಲೆಕ್ಕ

ಹೆಪ್ಪು ಹಾಕುವ ಮುಂಚೆ ಅಮ್ಮ ಹಾಲಿಗೆ ಕಿರುಬೆರಳು ಅದ್ದಿ ನೋಡುತ್ತಿದ್ದಳು. ಲ್ಯಾಬಿನಲ್ಲಿ ನಾನು ಮಾಡುವುದೂ ಬಿಸಿ ನೋಡುವ ಕೆಲಸವೇ. ಕ್ಯಾಲೊರಿಮೀಟರಿನ ಸೆಲ್ಲಿನಲ್ಲಿ 200 ಮೈಕ್ರೋಲೀಟರ್ ಆರ್‌ಎನ್‌ಎ ದ್ರಾವಣ, ನಾಲ್ಕೈದು ಹನಿ ಅಷ್ಟೆ. ಅದರಲ್ಲಿ ಒಂದು ಮೈಕ್ರೋಕ್ಯಾಲೊರಿ ಶಾಖ ಹುಟ್ಟಿದರೆ ಏರುವುದು ಒಂದು ಡಿಗ್ರಿಯ ಹತ್ತು ಲಕ್ಷದಲ್ಲಿ ಐದು ಪಾಲು. ಪಕ್ಕದ ಸೆಲ್ಲಿನ ಬರಿ ನೀರಿನೊಂದಿಗೆ ಹೋಲಿಸುತ್ತ ಯಂತ್ರ ಅಷ್ಟನ್ನೂ ಹಿಡಿಯುತ್ತದೆ. ಆರ್‌ಎನ್‌ಎಗೆ ಹೊಳೆಯುವ ಬಣ್ಣ ಕಟ್ಟಬೇಕಿಲ್ಲ, ಅದು ಇದ್ದ ಹಾಗೇ ಇರಬಹುದು. ನನಗೆ ಈ ವಿಧಾನ ಹಿಡಿಸಿದ್ದೇ ಅದಕ್ಕೆ.

ನನ್ನ ಮೆಚ್ಚಿನದು ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾದ ಗ್ವಾನೀನ್ ರೈಬೋಸ್ವಿಚ್. ಪ್ರೋಟೀನಿನ ನೆರವಿಲ್ಲದೆ ತಾನೇ ಗ್ವಾನೀನನ್ನು ಗುರುತಿಸಿ ಜೀನನ್ನು ಸುಮ್ಮನಾಗಿಸುವ ಆರ್‌ಎನ್‌ಎ ತುಣುಕು ಅದು. ಮೊದಲು 90 ಡಿಗ್ರಿಗೆ ಕಾಯಿಸಿ, ತಪ್ಪು ಮಡಿಕೆಗಳು ಬಿಚ್ಚಿಕೊಂಡ ಮೇಲೆ ತಣಿಸಿ, ಆಮೇಲಷ್ಟೇ ಮೆಗ್ನೀಸಿಯಂ ಕೊಡಬೇಕು. ಮೆಗ್ನೀಸಿಯಂ ಇರುವಾಗಲೇ ಕಾಯಿಸಿದರೆ ಎಳೆ ತುಂಡಾಗುತ್ತದೆ. ಗ್ವಾನೀನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಹಾಗಾಗಿ ಸೆಲ್ಲಿಗೆ ಹನಿಹನಿಯಾಗಿ ಬಿಡುವ ಸಿರಿಂಜಿಗೆ ಅದರ ಹತ್ತಿರದ ಬಂಧು ಹೈಪೊಕ್ಸಾಂಥೀನ್. ಅದನ್ನು ಕರಗಿಸುವುದು ಆರ್‌ಎನ್‌ಎ ಡಯಾಲಿಸಿಸ್ ಆದ ಬಫರಿನಲ್ಲೇ. ಒಮ್ಮೆ ಬೇರೆ ಬಾಟಲಿಯಿಂದ ತೆಗೆದುಕೊಂಡೆ. ಕೊನೆಯತನಕ ಎಲ್ಲ ಶಿಖರಗಳೂ ಒಂದೇ ಎತ್ತರ. ಅಂದು ನಾನು ಅಳೆದದ್ದು ಎರಡು ಬಫರುಗಳು ಬೆರೆಯುವ ಬಿಸಿಯನ್ನು.

ಎಲ್ಲ ಸರಿಯಿದ್ದ ದಿನ ಎರಡು ಮೈಕ್ರೋಲೀಟರ್ ಬೀಳುತ್ತಲೇ ಪರದೆಯ ಮೇಲಿನ ಶಾಖದ ಗೆರೆ ಚೂಪಾಗಿ ಕೆಳಕ್ಕಿಳಿಯುತ್ತದೆ, ನಿಧಾನ ಮೇಲೆ ಬಂದು ಸಮವಾಗುತ್ತದೆ. ಮತ್ತೊಂದು ಹನಿ. ಆರ್‌ಎನ್‌ಎ ತುಂಬುತ್ತ ಬಂದಂತೆ ಗೆರೆ ಇಳಿಯುವ ಆಳ ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ನಾನು ಬೇರೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ, ನೋಡುತ್ತ ಕೂರುತ್ತೇನೆ.

ಆ ಬಿಸಿ ಎರಡು ಅಣುಗಳು ಕೈ ಹಿಡಿದದ್ದರ ಬಿಸಿ ಮಾತ್ರವಲ್ಲ. ಮೂರು ಸುರುಳಿಗಳು ಕೂಡುವ ಸಂಧಿಯಲ್ಲಿ ಬಂದವನನ್ನು ಆರ್‌ಎನ್‌ಎ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಸಡಿಲವಾಗಿದ್ದ ಎಳೆಗಳು ಆಗ ಬಿಗಿದುಕೊಳ್ಳುತ್ತವೆ. ಶಾಖ ಧಾರಾಳವಾಗಿ ಹೊರಬರುತ್ತದೆ, ಆದರೆ ಆಡಾಡುತ್ತಿದ್ದ ಎಳೆ ತನ್ನ ಸ್ವಾತಂತ್ರ್ಯವನ್ನು ತೆತ್ತಿರುತ್ತದೆ. ಎಂಟ್ರೊಪಿಯ ಲೆಕ್ಕದಲ್ಲಿ ಅದು ನಷ್ಟವಾಗಿ ಕಾಣುತ್ತದೆ. ಮಡಿಕೆಯ ಪಾಲೆಷ್ಟೆಂದು ಅಂದಾಜಿಸಲು 20, 25, 30 ಡಿಗ್ರಿಗಳಲ್ಲಿ ಅದೇ ಪ್ರಯೋಗ ಮಾಡಿ ಶಾಖ ಹೇಗೆ ಬದಲಾಗುತ್ತದೆಂದು ನೋಡಬೇಕು. ಯಾರನ್ನು ಹಿಡಿಯಬೇಕೆಂಬ ಆಯ್ಕೆಯೂ ನಾಜೂಕು: 74ನೆಯ ಸ್ಥಾನದ ಸೈಟೊಸೀನನ್ನು ಯುರಾಸಿಲ್ ಮಾಡಿದರೆ ಇದೇ ಆರ್‌ಎನ್‌ಎ ಗ್ವಾನೀನನ್ನು ಬಿಟ್ಟು ಅಡೆನೀನನ್ನು ಹಿಡಿಯುತ್ತದೆ. ಒಂದೇ ಅಕ್ಷರ!

ಕೊನೆಗೆ ನಾನು ಮೊದಲು ಹುಡುಕುವ ಅಂಕಿ ಬೇರೆ: ಒಂದು ಆರ್‌ಎನ್‌ಎಗೆ ಎಷ್ಟು ಅಣು ಅಂಟಿತು ಎಂಬುದು. ಒಂದು ಬರಬೇಕಾದಲ್ಲಿ 0.6 ಬಂದರೆ, ಸಾಂದ್ರತೆಯ ಅಳತೆ ಸರಿಯಿದ್ದಲ್ಲಿ, ಹತ್ತರಲ್ಲಿ ನಾಲ್ಕು ಸರಿಯಾಗಿ ಮಡಿಚಿಕೊಂಡಿಲ್ಲ. ಆಗ ಮತ್ತೆ ಕಾಯಿಸಿ, ಮೊದಲಿಗಿಂತ ನಿಧಾನವಾಗಿ ಆರಲು ಬಿಡುತ್ತೇನೆ.