ಸ್ಥಾನಿಯೂ ಆದೇಶವೂ

ತುಮಕೂರು ಜಿಲ್ಲೆಯ ಭೂಪಟವನ್ನು ನೋಡಿದವರಿಗೆ ಪಾವಗಡದ ಸ್ಥಿತಿಯು ವಿದಿತವಾಗಿಯೇ ಇರುವುದು. ಅದು ಜಿಲ್ಲೆಯ ಉಳಿದ ಭಾಗದಿಂದ ಬೇರ್ಪಟ್ಟು, ಬಹುಮಟ್ಟಿಗೆ ಆಂಧ್ರಪ್ರದೇಶದಿಂದ ಸುತ್ತುವರಿಯಲ್ಪಟ್ಟಿದೆ. ಅಂಚೆಯ ಪಿನ್ ಅಂಕಿಯಲ್ಲಿಯೂ ಈ ಭೇದವುಂಟು. ಕೊರಟಗೆರೆಗೆ ೫೭೨೧೨೯, ಮಧುಗಿರಿಗೆ ೫೭೨೧೩೨, ಶಿರಾಕ್ಕೆ ೫೭೨೧೩೭ ಎಂದಿದ್ದರೆ, ಪಾವಗಡಕ್ಕೆ ೫೬೧೨೦೨. ಜಿಲ್ಲೆಯ ಮುಖ್ಯಪಟ್ಟಣವನ್ನು ಆಂಗ್ಲ ಬರಹದಲ್ಲಿ ‘ತುಮ್ಕೂರ್’ ಎನ್ನುತ್ತಿದ್ದುದು ೨೦೧೪ರ ನವೆಂಬರ್ ೧ರಂದು ‘ತುಮಕೂರು’ ಎಂದಾಯಿತು. ಆದರೆ ಅದರ ೫೭೨೧೦೧ ಎಂಬ ಅಂಕಿಯು ಕದಲಲಿಲ್ಲ. ಹೆಸರು ಮಾರ್ಪಟ್ಟರೂ ಅಂಕಿಯು ನಿಂತುದರಿಂದ ಕಾಗದಗಳು ದಾರಿತಪ್ಪುವ ಭಯವಿರಲಿಲ್ಲ.

ಕಚೇರಿಗಳ ಗಣಕಯಂತ್ರಗಳಲ್ಲಿ ನಡೆಯುವುದು ಇದಕ್ಕೆ ವಿಪರೀತ. ಅಲ್ಲಿ ಹೆಸರು ನಿಲ್ಲುವುದು, ಅಂಕಿಯು ಬದಲಾಗುವುದು. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಐಪಿ ವಿಳಾಸವೆಂಬ ಅಂಕಿಯುಂಟು. ಈಗಲೂ ಬಳಕೆಯಲ್ಲಿರುವ ಹಳೆಯ ಕ್ರಮದಂತೆ ಅದು ನಾಲ್ಕು ಭಾಗಗಳದು. ಒಂದೊಂದು ಭಾಗವೂ ೦ ಮೊದಲ್ಗೊಂಡು ೨೫೫ರವರೆಗಿನ ಒಂದು ಸಂಖ್ಯೆ. ಉಳಿದ ಯಂತ್ರಗಳಿಗೆ ಬೇಕಾದ ದಾಖಲೆಗಳನ್ನು ಒದಗಿಸುವ ಯಂತ್ರವೇ ಸರ್ವರು. ಕಚೇರಿಯು ಹೊಸ ಕಟ್ಟಡಕ್ಕೆ ಹೋದಾಗಲೋ, ಜಾಲವನ್ನು ಹೊಸದಾಗಿ ವಿಭಾಗಿಸಿದಾಗಲೋ ಸರ್ವರಿನ ಅಂಕಿಯನ್ನು ಬದಲಾಯಿಸಬೇಕಾಗುವುದು. ಅಂಕಿಯು ಬದಲಾದರೂ ಕೆಲಸವು ಕೆಡದಂತೆ ೧೯೮೩ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಡಿಎನ್‌ಎಸ್ ಎಂಬ ನಾಮಪದ್ಧತಿಯನ್ನು ರಚಿಸಿದರು. ಹೆಸರನ್ನು ಹೇಳಿದರೆ ಅದಕ್ಕೆ ಸೇರಿದ ಅಂಕಿಯನ್ನು ತಿಳಿಸುವ ವಹಿಯಂತಿರುವುದು ಅದು.

ಪಾಣಿನಿಯ ವ್ಯಾಕರಣವನ್ನು ಓದಿದವರಿಗೆ ಈ ಏರ್ಪಾಡು ಹೊಸತೆನಿಸದು. ಒಂದು ಶಬ್ದರೂಪದ ಸ್ಥಳದಲ್ಲಿ ಮತ್ತೊಂದು ಬಂದರೆ, ಮೊದಲಿದ್ದುದು ಸ್ಥಾನಿ, ಬಂದುದು ಆದೇಶ. ಆದೇಶವು ಸ್ಥಾನಿಯ ಅಧಿಕಾರವನ್ನು ವಹಿಸಿಕೊಳ್ಳುವುದು. ಆದರೆ ಸ್ಥಾನಿಯ ವರ್ಣವನ್ನೇ ಹಿಡಿದು ನಡೆಯಬೇಕಾದ ಕಾರ್ಯಕ್ಕೆ ಮಾತ್ರ ಈ ಸೌಲಭ್ಯವಿಲ್ಲ. ಸರ್ವರಿನ ವಿಷಯವೂ ಅಷ್ಟೆ. ಹೆಸರು ಹಿಡಿದು ಕರೆದ ಯಂತ್ರಕ್ಕೆ ಹೊಸ ಅಂಕಿಯು ಹಳೆಯದರಂತೆಯೇ ಓಗೊಡುವುದು. ಹಳೆಯ ಅಂಕಿಯನ್ನೇ ಬರೆದಿಟ್ಟುಕೊಂಡ ಯಂತ್ರವು ಯಾರೂ ಇಲ್ಲದ ಮನೆಯ ಬಾಗಿಲನ್ನು ತಟ್ಟುತ್ತ ನಿಲ್ಲುವುದು.

ಹೀಗೆ ತಟ್ಟುವ ಕಷ್ಟವು ಯಂತ್ರದ್ದಲ್ಲ. ೨೦೦೦ದಿಂದೀಚೆಗೆ ಭೂಮಿ ಯೋಜನೆಯಿಂದ ಪಹಣಿಗಳು ಗಣಕವನ್ನು ಸೇರಿ, ಕೈಬರಹದ ಪಹಣಿಗೆ ಮಾನ್ಯತೆಯು ಹೋಯಿತು. ನಾಗಲಮಡಿಕೆಯಿಂದ ಪಾವಗಡಕ್ಕೋ, ಮಿಡಿಗೇಶಿಯಿಂದ ಮಧುಗಿರಿಗೋ ಬೆಳಗಿನ ಬಸ್ಸಿನಲ್ಲಿ ಬಂದ ರೈತನೊಬ್ಬನು ಸಾಲದ ಅರ್ಜಿಗೆ ಪಹಣಿ ಬೇಕೆಂದು ಕಿಟಕಿಯ ಮುಂದೆ ನಿಂತಿರುವನೆಂದಿಟ್ಟುಕೊಳ್ಳೋಣ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರವು ಬಂದರೆ ಅವನ ಒಂದು ದಿನದ ಕೂಲಿಯೂ ಬಸ್ಸಿನ ಹಣವೂ ವ್ಯರ್ಥ. ಸರ್ವರು ದೊರೆಯದಿರುವುದಕ್ಕೆ ಕಾರಣಗಳು ಅನೇಕ; ಎಲ್ಲಿಯೋ ಮರೆತುಹೋದ ಹಳೆಯ ಅಂಕಿಯೂ ಅವುಗಳಲ್ಲೊಂದು.

ಆದುದರಿಂದ ಅಂಕಿಯನ್ನು ಬದಲಾಯಿಸುವವರು ಅದು ಎಲ್ಲೆಲ್ಲಿ ಬರೆದಿದೆಯೆಂದು ಮೊದಲು ಪಟ್ಟಿಮಾಡತಕ್ಕದ್ದು. ಸಾಧ್ಯವಾದೆಡೆ ಅಂಕಿಯನ್ನು ತೆಗೆದು ಹೆಸರನ್ನಿಡತಕ್ಕದ್ದು. ನಾಮವಹಿಯು ಕೊಟ್ಟ ಉತ್ತರವನ್ನು ಯಂತ್ರಗಳು ಕೆಲವು ಕಾಲ ನೆನಪಿಟ್ಟುಕೊಳ್ಳುವುದರಿಂದ, ಆ ಅವಧಿಯನ್ನು ಒಂದೆರಡು ದಿನ ಮುಂಚಿತವಾಗಿಯೇ ತಗ್ಗಿಸತಕ್ಕದ್ದು. ಬದಲಾವಣೆಯು ರಜೆಯ ದಿನ ನಡೆದರೆ ಉತ್ತಮ. ಒಂದೇ ಯಂತ್ರವು ಎರಡು ಅಂಕಿಗಳಿಗೆ ಓಗೊಡಬಲ್ಲದು. ಜಾಲವು ಒಪ್ಪುವಲ್ಲಿ ಹಳೆಯದನ್ನು ಕೆಲವು ದಿನ ಉಳಿಸಿ, ಇನ್ನೂ ಯಾರು ಅದನ್ನು ಅರಸಿ ಬರುವರೆಂದು ಗುರುತಿಸಬೇಕು. ಆ ಅಂಕಿಯನ್ನು ಕೂಡಲೆ ಬೇರೊಂದು ಯಂತ್ರಕ್ಕೆ ಕೊಡಲಾಗದು. ಕೊಟ್ಟರೆ ಬಂದವರು ಅಪರಿಚಿತನ ಮನೆಯನ್ನು ಹೊಗುವರು.

ಮನೆ ಬಿಡುವ ಗೃಹಸ್ಥನು ನೆರೆಯವರಿಗೆ ಹೊಸ ಮನೆಯ ಗುರುತನ್ನು ಹೇಳಿಹೋಗುವನಷ್ಟೆ. ಇಲ್ಲಿ ಬೇಕಾದುದೂ ಅದೇ ಮರ್ಯಾದೆ. ಕಿಟಕಿಯ ಹಿಂದೆ ಅಂಕಿಯೊಂದು ಬದಲಾಯಿತೆಂಬುದು ನಾಗಲಮಡಿಕೆಯ ರೈತನಿಗೆ ತಿಳಿಯಬೇಕಾದುದಿಲ್ಲ. ಪಹಣಿಯನ್ನು ಕೈಯಲ್ಲಿ ಹಿಡಿದು ಅವನು ಮಧ್ಯಾಹ್ನದ ಬಸ್ಸಿಗೆ ಊರು ಸೇರಿದರೆ ಸಾಕು.