ಅಡಿಕೆ ಸೀಮೆಯಲ್ಲಿ ಗಾಲ್ಫ್ ಕೋಲು

ಶಿಕಾರಿಪುರ, ಸೊರಬ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಕೆರೆಗಳಿಗೆ ಬರವಿಲ್ಲ, ಶಾಸನಗಳಿಗೆ ಬರವಿಲ್ಲ, ಮುಖ್ಯಮಂತ್ರಿಗಳಿಗೂ ಬರವಿಲ್ಲ. ಪಕ್ಕಪಕ್ಕದ ಎರಡು ತಾಲ್ಲೂಕು ತಲಾ ಒಬ್ಬರನ್ನು ವಿಧಾನಸೌಧಕ್ಕೆ ಕಳಿಸಿವೆ. ಇಲ್ಲದ್ದು ಗಾಲ್ಫ್ ಮೈದಾನ. ಅದು ಬೇಕೆಂದು ಇಲ್ಲಿ ಯಾರೂ ಮನವಿ ಕೊಟ್ಟದ್ದಿಲ್ಲ, ಯಾವ ಪಕ್ಷವೂ ಆಶ್ವಾಸನೆ ಕೊಟ್ಟದ್ದಿಲ್ಲ. ನಮ್ಮ ರಾಜ್ಯಕ್ಕೆ ಈ ಆಟ ಹೊಸತೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಚಿನ್ನದ ಗಣಿಯ ಹಿಂದೆ ಕೆಜಿಎಫ್‌ಗೆ ಹೋಯಿತು, ಅರಮನೆಯ ಹಿಂದೆ ಮೈಸೂರಿಗೆ, ಕಾಫಿಯ ಹಿಂದೆ ಕೊಡಗಿಗೆ, ಚಿಕ್ಕಮಗಳೂರಿಗೆ. ಕಾಫಿ ಬೆಳೆದಲ್ಲಿ ಬಂದ ಗಾಲ್ಫ್ ಅಡಿಕೆ ಬೆಳೆದಲ್ಲಿಗೆ ಬರಲಿಲ್ಲ. ಬಿಳಿಯ ಪ್ಲಾಂಟರುಗಳಿಗೆ ಎಲೆ ಅಡಿಕೆಯ ರುಚಿ ಹತ್ತಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ.

ಒಂದು ಆಟ ಒಂದು ಊರಿಗೆ ಇಳಿಯಲು ಅದನ್ನು ಆಡಿ ತೋರಿಸುವ ನಮ್ಮವನೊಬ್ಬ ಬೇಕು. ಸೊರಬಕ್ಕೆ ಷಟಲ್ ಬ್ಯಾಡ್ಮಿಂಟನ್ ವಿಷಯದಲ್ಲಿ ಅಂಥವರೊಬ್ಬರು ಇದ್ದರು: ಕುಬಟೂರಿನ ಬಂಗಾರಪ್ಪನವರು. ಮುಖ್ಯಮಂತ್ರಿಯಾದವರು ರಾಕೆಟ್ ಹಿಡಿದು ಬೆವರುವುದನ್ನು ಪತ್ರಿಕೆಯ ಚಿತ್ರದಲ್ಲಿ ನೋಡಿದ ಮೇಲೆ ಅದು ದೊಡ್ಡವರ ಶೋಕಿಯೆಂದು ನಮ್ಮ ಕಡೆ ಯಾರೂ ಹೇಳುವಂತಿರಲಿಲ್ಲ. ಗಾಲ್ಫಿಗೆ ಆ ಭಾಗ್ಯ ಸಿಗಲಿಲ್ಲ. ಹಾಗಾಗಿ ನಾನು ಗಾಲ್ಫ್ ಚೀಲ ಹೊತ್ತು ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನೋಡಿದವರು ತಲೆಗೊಂದು ಊಹೆ ಮಾಡುತ್ತಾರೆ. ಸರ್ವೆಯವರು, ಬೋರ್‌ವೆಲ್ ಪಾಯಿಂಟ್ ನೋಡುವವರು, ಒಮ್ಮೆ ಹುಚ್ಚರಾಯಸ್ವಾಮಿ ದೇವಸ್ಥಾನದ ಹತ್ತಿರ ಹಾವು ಹಿಡಿಯುವವರೂ ಆಗಿದ್ದೇನೆ. ಕಂಡಕ್ಟರ್ ಮಾತ್ರ ಊಹೆಗೆ ಹೋಗುವುದಿಲ್ಲ, ಲಗೇಜ್ ಟಿಕೆಟ್ ಹರಿಯುತ್ತಾನೆ.

ಬೆಂಗಳೂರಿನ ನೌಕರಿಯಲ್ಲಿ ಅಂಟಿದ ಚಟ ಇದು. ಈಗ ವರ್ಷದ ಹೆಚ್ಚು ದಿನ ಸೊರಬದ ಕಡೆ ತೋಟದ ಮನೆ, ಮಿಕ್ಕದ್ದು ಶಿಕಾರಿಪುರದಲ್ಲಿ. ಮೈದಾನವಿಲ್ಲದ ಊರಿನಲ್ಲಿ ಗಾಲ್ಫ್ ಕಲಿಯುವುದೆಂದರೆ ಬರೀ ಬೀಸುವುದನ್ನು ಕಲಿಯುವುದು. ಕೊಟ್ಟಿಗೆಯ ತೊಲೆಗೆ ಹಳೆಯ ಕರಿಕಂಬಳಿಯೊಂದನ್ನು ಸಡಿಲವಾಗಿ ಇಳಿಬಿಟ್ಟಿದ್ದೇನೆ. ಚೆಂಡು ಅದಕ್ಕೆ ಬಡಿದು, ಬಲ ಕಳೆದುಕೊಂಡು ಬುಡದಲ್ಲೇ ಬೀಳುತ್ತದೆ. ಎಷ್ಟು ದೂರ ಹೋಯಿತು, ಎಲ್ಲಿ ತಿರುಗಿತು ಎಂದು ತಿಳಿಯುವ ಸುಖ ಇಲ್ಲ. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಇನ್ನೊಂದು ಸೌಕರ್ಯ ಸಿಗುತ್ತದೆ: ನೆಲದ ಮೇಲೊಂದು ಸುಣ್ಣದ ಗೆರೆ ಎಳೆದು, ಚೆಂಡೇ ಇಲ್ಲದೆ ಕೋಲು ಬೀಸಿ, ಮಣ್ಣು ಎಲ್ಲಿಂದ ಎದ್ದಿತೆಂದು ಬಗ್ಗಿ ನೋಡುವುದು. ಗೆರೆಯಿಂದ ಮುಂದಕ್ಕೆ ಎದ್ದರೆ ಸರಿ, ಗೆರೆಗಿಂತ ಹಿಂದೆ ಎದ್ದರೆ ತಪ್ಪು. ದುಬಾರಿ ಯಂತ್ರಗಳು ಹೇಳುವ ಮಾತಿನಲ್ಲಿ ಮುಕ್ಕಾಲು ಪಾಲನ್ನು ಒಂದು ಹಿಡಿ ಸುಣ್ಣ ಹೇಳಿಬಿಡುತ್ತದೆ.

ನನ್ನ ಮಣ್ಣು ಬಹಳ ಕಾಲ ಗೆರೆಯ ಹಿಂದೆಯೇ ಏಳುತ್ತಿತ್ತು. ಇದರ ಮೂಲ ಹುಡುಕಿದರೆ ಚಿಣ್ಣಿದಾಂಡಿಗೆ ಹೋಗುತ್ತದೆ. ಚಿಣ್ಣಿಯನ್ನು ಮೊದಲು ಎಬ್ಬಿಸಬೇಕು, ಆಮೇಲೆ ಬಾರಿಸಬೇಕು. ಮೇಲಕ್ಕೆ ಎತ್ತುವುದು ಮಣಿಕಟ್ಟಿನ ಕೆಲಸವೆಂದು ನಮ್ಮ ಮೈ ಎಂಟನೇ ವಯಸ್ಸಿಗೇ ತೀರ್ಮಾನ ಮಾಡಿಕೊಂಡಿದೆ. ಗಾಲ್ಫಿನಲ್ಲಿ ಇದು ತಿರುವು ಮುರುವು. ಕಬ್ಬಿಣದ ಕೋಲಿನ ಮುಖವೇ ಹಿಂದಕ್ಕೆ ವಾಲಿರುತ್ತದೆ, ಎತ್ತುವ ಕೆಲಸ ಅದರದು. ಆಡುವವನು ಕೆಳಮುಖವಾಗಿ ಹೊಡೆದು ಚೆಂಡನ್ನು ಮೊದಲು ತಾಗಿ ಆಮೇಲೆ ನೆಲ ಮುಟ್ಟಿದರೆ ಅದು ತಾನಾಗಿ ಏಳುತ್ತದೆ. ಎತ್ತಲು ಹೋದರೆ ನೆಲಕ್ಕೇ ಮೊದಲು ಏಟು. ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬಂದವರ ಕಷ್ಟ ಬೇರೆ: ಅವರ ಕೆಳಗಿನ ಕೈ ಎಲ್ಲ ಯಜಮಾನಿಕೆಯನ್ನೂ ವಹಿಸಿಕೊಂಡುಬಿಡುತ್ತದೆ. ಶಿರಾಳಕೊಪ್ಪದ ಟೂರ್ನಮೆಂಟಿನಲ್ಲಿ ಸಿಕ್ಸರ್ ಕೊಡುವ ಅದೇ ಕೈ ಇಲ್ಲಿ ಕೋಲಿನ ಮುಖವನ್ನು ಹೊತ್ತಲ್ಲದ ಹೊತ್ತಿನಲ್ಲಿ ತಿರುಗಿಸುತ್ತದೆ.

ಚೆಂಡು ಕೋಲಿನ ಮುಖಕ್ಕೆ ಅಂಟಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು. ಆ ಗಳಿಗೆಯಲ್ಲಿ ಮುಖ ಎತ್ತ ನೋಡುತ್ತಿದೆಯೋ ಬಹುಮಟ್ಟಿಗೆ ಅತ್ತಲೇ ಚೆಂಡು ಹೊರಡುತ್ತದೆ. ಕೋಲು ಬೀಸಿ ಬಂದ ದಾರಿ ಬೇರೆಯಾಗಿದ್ದರೆ ಹೋಗುತ್ತ ಹೋಗುತ್ತ ಬಾಗುತ್ತದೆ. ಹಳೆಯ ಪುಸ್ತಕಗಳು ಇದನ್ನು ತಲೆಕೆಳಗಾಗಿ ಹೇಳುತ್ತಿದ್ದವು, ಚೆಂಡು ದಾರಿ ಹಿಡಿದು ಹೊರಟು ಮುಖದ ಕಡೆ ತಿರುಗುತ್ತದೆಂದು. ವೇಗದ ಕ್ಯಾಮೆರಾ, ರಾಡಾರ್ ಬಂದ ಮೇಲೆ ಲೆಕ್ಕ ತಿದ್ದಿಕೊಂಡಿತು. ಬೆನ್ ಹೋಗನ್ 1957ರಲ್ಲಿ ಬರೆದ ಐದು ಪಾಠಗಳ ಪುಸ್ತಕವನ್ನು ಇವತ್ತಿಗೂ ಓದುತ್ತಾರೆ. ಅದರಲ್ಲಿ ಹಿಡಿತಕ್ಕೆ ಕೊಟ್ಟಿರುವ ಜಾಗ ನೋಡಿದರೆ ಮುಖದ ಗುಟ್ಟು ಅವನ ಕೈಗೆ ಗೊತ್ತಿತ್ತು ಅನಿಸುತ್ತದೆ. ಬಲಗೈ ಆಟಗಾರನಿಗೆ ಎಡಗೈ ಮೇಲೆ, ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳಿನ ಮೇಲೆ ಕೂರುವ ಹಿಡಿತಕ್ಕೆ ಹ್ಯಾರಿ ವಾರ್ಡನ್‌ನ ಹೆಸರಿದೆ. ಬೆರಳು ಗಿಡ್ಡ ಇದ್ದವರು ಕಿರುಬೆರಳನ್ನು ಹೆಣೆದುಕೊಳ್ಳುತ್ತಾರೆ. ಯಾವುದಾದರೂ ಆಗಲಿ, ಬಿಗಿ ಹಿಡಿದರೆ ಕೆಟ್ಟಿತು.

ನನಗೆ ಬೀಸಿನ ಬಗ್ಗೆ ಸಿಕ್ಕ ಒಳ್ಳೆಯ ಮಾತುಗಳಲ್ಲಿ ಹೆಚ್ಚಿನವು ಗಾಲ್ಫ್ ಎಂದರೇನೆಂದೇ ಗೊತ್ತಿಲ್ಲದವರವು. ತೋಟದಲ್ಲಿ ವೀಡ್ ಕಟರ್ ಹೊಡೆಯುವ ಹುಡುಗ ಒಂದು ದಿನ ಗದ್ದೆ ಬದುವಿನ ಮೇಲೆ ನಿಂತು ನನ್ನನ್ನು ನೋಡಿ, "ಅಣ್ಣ, ಕೈಯಲ್ಲಿ ಹೊಡೆದ್ರೆ ಸಂಜೆತನಕ ಬಾಳಲ್ಲ, ಸೊಂಟದಲ್ಲಿ ಹೊಡೀರಿ" ಅಂದ. ಅವನು ಯಂತ್ರವನ್ನು ಹೆಗಲಿಗೆ ತೂಗುಹಾಕಿಕೊಂಡು, ತೋಳು ಎರಡನ್ನೂ ಮೈಗೆ ಅಂಟಿಸಿಕೊಂಡು, ಕಾಲಿನಿಂದ ಕಾಲಿಗೆ ಭಾರ ಬದಲಿಸುತ್ತ ಹೊಟ್ಟೆಯಿಂದ ಮೇಲಿನ ಮೈಯನ್ನೇ ತಿರುಗಿಸುತ್ತಾನೆ. ಎಕರೆಗಟ್ಟಲೆ ಹುಲ್ಲು ಸವರಬೇಕಾದವನಿಗೆ ಬೇರೆ ದಾರಿಯಿಲ್ಲ. ತರಬೇತುದಾರರು ಭುಜ ತಿರುಗಿಸಿ, ತೋಳನ್ನು ಎದೆಗೆ ಕೂಡಿಸಿಕೊಳ್ಳಿ, ಭಾರವನ್ನು ಮುಂದಿನ ಕಾಲಿಗೆ ತನ್ನಿ ಎಂದು ಗಂಟೆ ಲೆಕ್ಕದಲ್ಲಿ ಹಣ ಪಡೆದು ಹೇಳುವುದೂ ಅದನ್ನೇ.

ಕೋಲಿನ ವಿಷಯದಲ್ಲಿ ಕಣ್ಣು ತೆರೆಸಿದವನು ಕೊನೆಗಾರ. ಅಡಿಕೆ ಮರ ಹತ್ತುವವರು ಕಡಿಮೆಯಾಗಿ, ನೆಲದಲ್ಲೇ ನಿಂತು ಕೊನೆ ಕೀಳುವ ಕಾರ್ಬನ್ ಫೈಬರ್ ದೋಟಿ ಮಲೆನಾಡಿಗೆ ಬಂದಿದೆಯಲ್ಲ, ಅದರಲ್ಲಿ ಪಳಗಿದವನು. ಅವನು ದೂರ ಹೊಡೆಯುವ ನನ್ನ ಡ್ರೈವರ್ ಕೋಲನ್ನು ಕೈಗೆ ತೆಗೆದುಕೊಂಡು ಕಾವನ್ನು ಉಗುರಿನಿಂದ ತಟ್ಟಿ, "ಇದು ನಮ್ಮ ದೋಟಿ ಮಾಲೇ" ಅಂದ. ನಿಜವೇ. ಗಾಲ್ಫಿನವರು ಗ್ರಾಫೈಟ್ ಅನ್ನುವುದೂ ತೋಟದವರು ಕಾರ್ಬನ್ ಫೈಬರ್ ಅನ್ನುವುದೂ ಒಂದೇ ಜಾತಿಯ ವಸ್ತು. ಆಮೇಲೆ ಅವನು ತುದಿಯನ್ನು ಮೆಲ್ಲಗೆ ಕುಲುಕಿ ಬಳುಕು ನೋಡಿದ, ಎರಡು ಸಲ ನಾನು ಬೀಸುವುದನ್ನು ನೋಡಿದ. "ಇದು ನಿಮಗೆ ಗಡಸಾಯ್ತು. ಬಳುಕದ್ದು ತೋಳಲ್ಲಿ ಕಸುವಿದ್ದೋರಿಗೆ. ನಿಮಗೆ ಸ್ವಲ್ಪ ಮೆತ್ತಂದು ತಗೊಳ್ಳಿ."

ಬೆಂಗಳೂರಿನ ಅಂಗಡಿಯಲ್ಲಿ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಯಾರೂ ಹೇಳದ ಮಾತು. ಕಾವಿನ ಗಡಸುತನಕ್ಕೆ ಅಕ್ಷರಗಳಿವೆ: ಎಲ್, ಎ, ಆರ್, ಎಸ್, ಎಕ್ಸ್ ಎಂದು ಮೆತ್ತನೆಯದರಿಂದ ಗಡಸಿನ ಕಡೆಗೆ. ಹವ್ಯಾಸಿಗಳಲ್ಲಿ ಹೆಚ್ಚಿನವರಿಗೆ ಆರ್ ಸಾಕು, ವಯಸ್ಸಾದವರಿಗೆ ಎ ಇನ್ನೂ ಒಳ್ಳೆಯದು. ಆದರೆ ಕೊಳ್ಳುವಾಗ ಗಂಡಸಿನ ಕೈ ಎಸ್ ಕಡೆಗೇ ಹೋಗುತ್ತದೆ. ನಿಧಾನವಾಗಿ ಬೀಸುವವನ ಕೈಗೆ ಗಡಸು ಕಾವು ಸಿಕ್ಕರೆ ಚೆಂಡು ಸಾಮಾನ್ಯವಾಗಿ ತಗ್ಗಿನಲ್ಲಿ ಬಲಕ್ಕೆ ಸಾಗುತ್ತದೆ. ಇನ್ನೊಂದು ಮಾತು ದೋಟಿಯವನು ಹೇಳಿಕೊಡಬೇಕಾಗಲಿಲ್ಲ, ಅವನ ಕೆಲಸ ನೋಡಿದರೆ ಸಾಕು. ಅರವತ್ತು ಅಡಿ ದೋಟಿಯನ್ನು ಎತ್ತಿದ ಮೇಲೆ ತುದಿಯ ತೂಗಾಟ ನಿಲ್ಲುವವರೆಗೆ ಅವನು ಕಾಯುತ್ತಾನೆ, ಆಮೇಲೆ ಎಳೆಯುತ್ತಾನೆ. ಗಾಲ್ಫ್ ಬೀಸಿನಲ್ಲೂ ಕೋಲು ಹಿಂದಕ್ಕೆ ಹೋಗಿ ತಿರುಗುವ ಹೊತ್ತಿನಲ್ಲಿ ಕಾವು ಬಳುಕುತ್ತದೆ. ಅಲ್ಲಿ ಅವಸರ ಮಾಡಿದವನ ಬೀಸು ಕೆಟ್ಟೇ ಕೆಡುತ್ತದೆ. ಒಳ್ಳೆಯ ವೃತ್ತಿ ಆಟಗಾರರ ಬೀಸನ್ನು ಅಳೆದವರು, ಹಿಂದಕ್ಕೆ ಹೋಗುವ ಹೊತ್ತು ಕೆಳಗಿಳಿದು ತಾಗುವ ಹೊತ್ತಿನ ಸುಮಾರು ಮೂರು ಪಟ್ಟು ಇರುತ್ತದೆಂದು ಕಂಡುಕೊಂಡಿದ್ದಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಒಂದೇ ಉಸಿರಿನಲ್ಲಿ ಎರಡೂ ಮುಗಿಯುತ್ತವೆ.

ಕೊಡಲಿಗೆ ಕಾವು ಹಾಕಿಸಲು ಕುಲುಮೆಗೆ ಹೋದರೆ ಆಚಾರಿ ಮೊದಲು ಬಂದವನ ಎತ್ತರ ನೋಡುತ್ತಿದ್ದ, ಆಮೇಲೆ ಮರ ಆರಿಸುತ್ತಿದ್ದ. ಗಾಲ್ಫ್ ಕೋಲಿನವರು ಇದನ್ನೇ ಫಿಟ್ಟಿಂಗ್ ಎಂದು ಕರೆದು ಕೋಣೆಯಲ್ಲಿ ರಾಡಾರ್ ಇಟ್ಟಿದ್ದಾರೆ. ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು, ಕೋಲಿನ ತಲೆ ನೆಲಕ್ಕೆ ಸಮವಾಗಿ ಕೂರುತ್ತದೋ ಇಲ್ಲವೋ, ಇವೆರಡು ಮುಖ್ಯ. ತಲೆಯ ಮೂಗು ಮೇಲೆದ್ದರೆ ಬಲಗೈಯವನ ಚೆಂಡು ಎಡಕ್ಕೆ, ಮೂಗು ಕೆಳಗಿದ್ದರೆ ಬಲಕ್ಕೆ ಎಳೆಯುತ್ತದೆ. ಗಿಡ್ಡ ಮೈಯವನು ಎತ್ತರದವನ ಹಳೆಯ ಸೆಟ್ಟನ್ನು ಅಗ್ಗಕ್ಕೆ ಕೊಂಡು ವರ್ಷಗಟ್ಟಲೆ ತನ್ನ ಬೀಸನ್ನೇ ಬೈದುಕೊಳ್ಳುವುದುಂಟು.

ನಿಯಮದಂತೆ ಚೀಲದಲ್ಲಿ 14 ಕೋಲಿಗಿಂತ ಹೆಚ್ಚು ಇರಬಾರದು. ಅಮೆರಿಕದವರು 1938ರಲ್ಲಿ ಹಾಕಿದ ಮಿತಿ ಅದು. ಅದಕ್ಕೆ ಮುಂಚೆ ಇಪ್ಪತ್ತರ ಮೇಲೆ ಹೊತ್ತವರಿದ್ದರು, ಹೊತ್ತದ್ದು ಕ್ಯಾಡಿಯಾದ್ದರಿಂದ ಅವರಿಗೆ ಭಾರ ತಿಳಿಯಲಿಲ್ಲ. ಕಲಿಯುವವನಿಗೆ ಏಳು ಸಾಕು ಎಂಬುದು ನನ್ನ ಹಟ: ಡ್ರೈವರ್, ಒಂದು ಹೈಬ್ರಿಡ್, 6 ಮತ್ತು 8ನೇ ನಂಬರಿನ ಕಬ್ಬಿಣ, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಗುಳಿಗೆ ಉರುಳಿಸುವ ಪಟರ್. ಡ್ರೈವರಿನ ಮುಖ 9 ಡಿಗ್ರಿ ಇದ್ದರೆ ಶೂರ, 12 ಇದ್ದರೆ ಹೇಡಿ ಎಂಬ ಭಾವನೆ ಕ್ಲಬ್ಬುಗಳಲ್ಲಿ ಇದೆ. ನಿಧಾನದ ಬೀಸಿಗೆ 12 ಡಿಗ್ರಿಯೇ ಚೆಂಡನ್ನು ಹೆಚ್ಚು ಹೊತ್ತು ಗಾಳಿಯಲ್ಲಿಡುತ್ತದೆ, ಬಲಕ್ಕೆ ಬಾಗುವುದನ್ನೂ ತಗ್ಗಿಸುತ್ತದೆ. 3, 4ನೇ ನಂಬರಿನ ಕಬ್ಬಿಣಗಳನ್ನು ಹವ್ಯಾಸಿಗಳು ಗೋಡೆಗೆ ತೂಗುಹಾಕಬಹುದು, ಅವುಗಳ ಕೆಲಸಕ್ಕೆ ಹೈಬ್ರಿಡ್ ಬಂದಿದೆ. ಕಬ್ಬಿಣದಲ್ಲಿ ಬೆನ್ನು ಟೊಳ್ಳಾದದ್ದನ್ನೇ ಕೊಳ್ಳಬೇಕು. ಕಾರ್ಸ್ಟನ್ ಸಾಲ್ಹೈಮ್ ಎಂಬ ಎಂಜಿನಿಯರ್ ತನ್ನ ಪಟರ್ ಸರಿಯಿಲ್ಲವೆಂದು 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ಹೊಸದೊಂದು ಮಾಡಿಕೊಂಡ. ತೂಕವನ್ನು ನಡುವಿನಿಂದ ಅಂಚಿಗೆ ಸರಿಸಿದರೆ ಏಟು ಪಕ್ಕಕ್ಕೆ ಬಿದ್ದರೂ ತಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ ಎಂಬ ಅವನ ಲೆಕ್ಕ ಆಮೇಲೆ ಕಬ್ಬಿಣಗಳಿಗೂ ಬಂತು. ಪಿಂಗ್ ಕಂಪನಿ ಹುಟ್ಟಿದ್ದು ಹಾಗೆ. ನಡುವಿಗೇ ಹೊಡೆಯಬಲ್ಲವರು ತೆಳು ಅಲಗಿನ ಕಬ್ಬಿಣ ಇಟ್ಟುಕೊಳ್ಳಲಿ.

ವೆಡ್ಜ್ ವಿಷಯದಲ್ಲಿ ಮಾತ್ರ ನನ್ನ ಎರಡು ತಾಲ್ಲೂಕು ಒಂದಾಗುವುದಿಲ್ಲ. ವೆಡ್ಜಿನ ಅಡಿಭಾಗ ಉಬ್ಬಿರುತ್ತದೆ, ಅದನ್ನು ಬೌನ್ಸ್ ಎನ್ನುತ್ತಾರೆ. ಮೆತ್ತನೆ ನೆಲಕ್ಕೆ, ಮರಳಿಗೆ 12 ಡಿಗ್ರಿಯಷ್ಟು ಉಬ್ಬು ಬೇಕು, ಇಲ್ಲದಿದ್ದರೆ ಅಲಗು ಹುಗಿದುಕೊಳ್ಳುತ್ತದೆ. ಗಟ್ಟಿ ನೆಲಕ್ಕೆ 6 ಸಾಕು, ಹೆಚ್ಚಾದರೆ ಪುಟಿದು ಚೆಂಡಿನ ಹೊಟ್ಟೆಗೆ ತಾಗುತ್ತದೆ. ಸೊರಬದ ಕಡೆ ಮಳೆ ಜೋರು, ತೋಟದಂಚಿನ ಮಣ್ಣು ಬಹುಕಾಲ ಹಸಿ. ಶಿಕಾರಿಪುರ ದಾಟಿ ಪೂರ್ವಕ್ಕೆ ಬಂದರೆ ಬಯಲುಸೀಮೆಯ ಗಾಳಿ ಶುರು, ಜೋಳದ ಹೊಲದ ನೆಲ ಬೇಸಿಗೆಯಲ್ಲಿ ಕಲ್ಲು. ಒಂದೇ ವೆಡ್ಜ್ ಇಟ್ಟುಕೊಳ್ಳುವವನು ಯಾವ ತಾಲ್ಲೂಕಿನವನೆಂದು ಮೊದಲು ತೀರ್ಮಾನಿಸಬೇಕು. ನಾನು 10 ಡಿಗ್ರಿಯದು ಇಟ್ಟು ಎರಡೂ ಕಡೆ ಸಲ್ಲುವ ಪ್ರಯತ್ನದಲ್ಲಿದ್ದೇನೆ, ರಾಜಕೀಯದಲ್ಲಿ ಇದಕ್ಕೆ ಬೇರೆ ಹೆಸರಿದೆ.

ದೂರ ಹೊಡೆಯುವುದೇ ಗಾಲ್ಫ್ ಎಂದುಕೊಂಡವರಿಗೆ ಬೆಂಗಳೂರಿನ ಅದಿತಿ ಅಶೋಕ್ ಸಾಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಡ್ರೈವಿನ ದೂರದಲ್ಲಿ ಅವರು ಕೊನೆಯ ಸಾಲಿನವರು. ಚೀಲ ಹೊತ್ತವರು ಅವರ ತಾಯಿ. ಬೇರೆಯವರು ಗಿಡ್ಡ ಕಬ್ಬಿಣ ತೆಗೆಯುವಲ್ಲಿ ಅವರು ಹೈಬ್ರಿಡ್ ತೆಗೆಯುತ್ತಿದ್ದರು, ಗುಳಿಯ ಸುತ್ತಲಿನ ಗ್ರೀನಿನ ಮೇಲೆ ಪಟರಿನಿಂದ ಎಲ್ಲ ಬಾಕಿ ತೀರಿಸುತ್ತಿದ್ದರು. ನಾಲ್ಕನೆಯವರಾದರು, ಪದಕ ತಪ್ಪಿದ್ದು ಒಂದೇ ಏಟಿನಿಂದ. ಬಿಡದಿ ಬಳಿ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ಏಷ್ಯನ್ ಟೂರ್ ಮುಟ್ಟಿದ ಎಸ್. ಚಿಕ್ಕರಂಗಪ್ಪ, ಮೈಸೂರಿನ ಪ್ರಣವಿ ಅರಸ್, ಇವರ ಬೀಸುಗಳನ್ನೂ ನಾನು ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ. ಮೂವರ ಬೀಸು ಮೂರು ತರ. ಚೆಂಡು ತಾಗುವ ಗಳಿಗೆಯ ಚಿತ್ರ ಮಾತ್ರ ಹತ್ತಿರ ಹತ್ತಿರ ಒಂದೇ.

72 ಏಟಿನಲ್ಲಿ ಮುಗಿಸಬೇಕಾದ ಮೈದಾನದಲ್ಲಿ 36 ಏಟು ಪಟರಿಗೆಂದೇ ಮೀಸಲು, ಗುಳಿಗೆ ಎರಡರಂತೆ. ಆದರೂ ಜನ ಡ್ರೈವರಿಗೆ ಸುರಿದು, ಮಿಕ್ಕ ಚಿಲ್ಲರೆಯಲ್ಲಿ ಪಟರ್ ಕೊಳ್ಳುತ್ತಾರೆ. ನಮ್ಮ ಚಿಕ್ಕಪ್ಪನ ಮಗ ಮೊನ್ನೆ ನನ್ನ ಡ್ರೈವರಿನ ಬೆಲೆ ಕೇಳಿದ. ನಿಜದ ಅರ್ಧ ಹೇಳಿದೆ. ಅವನು ಅದನ್ನು ಮನಸ್ಸಿನಲ್ಲೇ ರಾಶಿ ಇಡಿ ಅಡಿಕೆಗೆ ಪರಿವರ್ತಿಸಿ, "ಇದರ ಬದಲು ಒಂದು ವೀಡ್ ಕಟರ್ ಬರ್ತಿತ್ತಲ್ಲೋ" ಅಂದ. ಬರುತ್ತಿತ್ತು. ಸೊಂಟದ ಅಭ್ಯಾಸಕ್ಕೂ ಆಗುತ್ತಿತ್ತು, ಹುಲ್ಲೂ ಸವರಿದಂತಾಗುತ್ತಿತ್ತು. ಪಟರಿನ ಅಭ್ಯಾಸಕ್ಕೆ ಅವನ ಮನೆಯ ಅಡಿಕೆ ಹರಡುವ ಸಿಮೆಂಟ್ ಕಣ ಕೇಳಿದ್ದೇನೆ. ನೀರು ಹರಿದುಹೋಗಲೆಂದು ಮೇಸ್ತ್ರಿ ಅದನ್ನು ಒಂದು ಮೂಲೆಗೆ ಇಳಿಜಾರು ಮಾಡಿದ್ದಾನೆ, ಚೆಂಡು ಎಲ್ಲಿ ಬಿಟ್ಟರೂ ಅತ್ತಲೇ ಹೊರಳುತ್ತದೆ. ಕೊಯ್ಲು ಶುರುವಾಗುವ ತನಕ ಬಳಸಿಕೋ, ಆದರೆ 108 ಮಿಲಿಮೀಟರಿನ ಗುಳಿ ಕೊರೆಯುವ ಮಾತು ಎತ್ತಬೇಡ ಅಂದಿದ್ದಾನೆ.